ಕಲ್ಯಾಣಮ್ಮನ ಮೂರನೆಯ ಸಾಲು

ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ, ಊರು ಮುಗಿದು ಹೊಲ ಶುರುವಾಗುವಲ್ಲಿ, ಶಿವಯೋಗಪ್ಪನವರ ಶೇಂಗಾ ಮಿಲ್ಲು. ಬೆಳಿಗ್ಗೆ ಎಂಟೂವರೆಗೆ ಅದರ ಗೇಟಿನ ಮುಂದೆ ಹೆಂಗಸರ ಸಾಲು ನಿಂತಿತ್ತು. ಒಂದೊಂದು ವೃತ್ತದಲ್ಲಿ ಒಬ್ಬೊಬ್ಬರೇ ನಿಲ್ಲಬೇಕೆಂದು ಗುಮಾಸ್ತ ಕೊಟ್ರಸ್ವಾಮಿ ಹಿಂದಿನ ವಾರ ಸುಣ್ಣದ ಪುಡಿಯಲ್ಲಿ ಗುರುತು ಹಾಕಿದ್ದ. ಆಷಾಢದ ಗಾಳಿ ಅದರಲ್ಲಿ ಅರ್ಧ ಹಾರಿಸಿಕೊಂಡು ಹೋಗಿತ್ತು. ಉಳಿದರ್ಧವನ್ನು ಚಪ್ಪಲಿಗಳು ಅಳಿಸಿದ್ದವು.

ಕೊರೊನಾ ಬಂದು ಮಿಲ್ಲಿಗೆ ಬೀಗ ಬಿದ್ದಾಗ ಇನ್ನೂ ಬೇವಿನ ಮರ ಚಿಗುರುತ್ತಿತ್ತು. ಈಗ ಹಣ್ಣು ಉದುರಿ ನೆಲವೆಲ್ಲ ಅಂಟಂಟು. ಬಿತ್ತನೆಯ ಶೇಂಗಾ ಹಸನು ಮಾಡಲೆಂದು ಪರವಾನಗಿ ಸಿಕ್ಕು ಬಾಗಿಲು ತೆರೆದು ಎಂಟು ದಿನವಾಗಿತ್ತು. ಜ್ವರವಿದ್ದವರನ್ನು ಒಳಗೆ ಬಿಡಕೂಡದು, ಆರು ಅಡಿ ದೂರ ಕೂರಬೇಕು, ಮಾಸ್ಕ್ ತೆಗೆಯಕೂಡದು, ಕಿಟಕಿ ತೆರೆದಿರಬೇಕು. ಅಧಿಕಾರಿಗಳು ಕೊಟ್ಟ ಕಾಗದವನ್ನು ಕೊಟ್ರಸ್ವಾಮಿ ತನ್ನ ದುಂಡನೆಯ ಅಕ್ಷರದಲ್ಲಿ ದೊಡ್ಡದಾಗಿ ನಕಲು ಮಾಡಿ ಗೇಟಿಗೆ ಅಂಟಿಸಿದ್ದ. ಮೂವತ್ತು ವರ್ಷ ಪೆನ್ನು ಬಿಟ್ಟು ಬೇರೇನೂ ಹಿಡಿಯದ ಅವನ ಕೈಗೆ ಈಗ ಜ್ವರ ನೋಡುವ ಗನ್ನು ಬಂದಿತ್ತು.

“ಏನ್ರಿ ಸ್ವಾಮ್ಯಾರ, ದಿನಾ ಮುಂಜಾನಿ ಹಣಿಗೆ ಪಿಸ್ತೂಲು ಹಿಡೀತೀರಿ. ಒಂದಿನ ಹಾರಿಸೇ ಬಿಡ್ತೀರೇನ ಮತ್ತ?” ಎನ್ನುತ್ತ ಕಲ್ಯಾಣಮ್ಮ ತಲೆಯ ಸೆರಗು ಸರಿಸಿ ಹಣೆ ಚಾಚಿದಳು.

“ನಿನಗ ಯಾವ ಗುಂಡು ತಾಗ್ತೈತವ್ವ. ತೊಂಬತ್ತೇಳು. ನಡಿ ಒಳಗ.”

“ತೊಂಬತ್ತೇಳು! ಸಾಲಿಯಾಗ ನನ್ನ ಮಗಗೂ ಇಷ್ಟು ಮಾರ್ಕ್ಸು ಬಿದ್ದಿರಲಿಲ್ಲ ನೋಡ್ರಿ.”

ಸಾಲಿನಲ್ಲಿ ನಗೆ ಹರಿಯಿತು. ಕಲ್ಯಾಣಮ್ಮನ ಮಗ ಕ್ರಾಂತಿಕುಮಾರ್ ಸರ್ಕಾರಿ ಬಸ್ಸಿನ ಕಂಡಕ್ಟರ್. ಮಗನಿಗೆ ನೌಕರಿಯಾದ ಮೇಲೂ ಅವಳು ಮಿಲ್ಲು ಬಿಟ್ಟಿರಲಿಲ್ಲ. ಮನೆಯಲ್ಲಿ ಕೂತರೆ ಬೆರಳು ಮರಗಟ್ಟುತ್ತವೆ ಎನ್ನುತ್ತಿದ್ದಳು.

ಅವಳ ಹಿಂದೆ ಅಂಜಿನಕ್ಕ. ಗನ್ನು ಹಣೆಯ ಹತ್ತಿರ ಹೋದದ್ದೇ ತಡ, ಕೀ ಎಂದು ಕೂಗಿ ಕೆಂಪಾಯಿತು. ನೂರು ಪಾಯಿಂಟ್ ನಾಲ್ಕು.

ಕೊಟ್ರಸ್ವಾಮಿ ಅದನ್ನು ಅಂಗಿಗೆ ಒರೆಸಿ ಮತ್ತೆ ಹಿಡಿದ. ನೂರು ಪಾಯಿಂಟ್ ಮೂರು.

“ನಡಕೊಂಡು ಬಂದೀನಿ ಸ್ವಾಮ್ಯಾರ. ಬಿಸಿಲಿಗೆ ತಲಿ ಕಾದೈತಿ,” ಎಂದಳು ಅಂಜಿನಕ್ಕ.

ಕೊಟ್ರಸ್ವಾಮಿ ಮೇಲೆ ನೋಡಿದ. ಆಕಾಶದ ತುಂಬ ಬೂದು ಮೋಡ. ಬಿಸಿಲು ಕಂಡು ಮೂರು ದಿನವಾಗಿತ್ತು.

“ಇವತ್ತು ಮನಿಗೆ ಹೋಗವ್ವ. ಕಡಿಮಿ ಆದ ಮ್ಯಾಲೆ ಬಾ.”

“ಹಂಗನಬ್ಯಾಡ್ರಿ. ಮನ್ಯಾಗ ಮಗಳು ಬಾಣಂತಿ ಅದಾಳ. ಮೂರು ತಿಂಗಳು ಕೂತು ತಿಂದೀವಿ. ನಾನು ತಿರುಗಿ ಹೋದ್ರ ಆ ಕೂಸಿನ ತಾಯಿಗೆ ಏನು ಬೇಯಿಸಿ ಹಾಕ್ಲಿ? ಬರೇ ಮೈ ಬೆಚ್ಚಗೈತ್ರಿ, ಅಷ್ಟ. ನಿಮ್ಮ ಪಾದ ಮುಟ್ತೀನಿ.”

ಅವಳು ನಿಜವಾಗಿಯೂ ಬಗ್ಗಿದಳು. ಕೊಟ್ರಸ್ವಾಮಿ ಹಿಂದೆ ಸರಿದ. ಸಾಲಿನಲ್ಲಿದ್ದವರೆಲ್ಲ ಬೇರೆ ಕಡೆ ಮುಖ ಮಾಡಿದರು. ಯಾರಿಗೂ ಅವಳನ್ನು ಹೊರಗಟ್ಟಿಸುವ ಮನಸ್ಸಿರಲಿಲ್ಲ. ಅವನಿಗೂ ಇರಲಿಲ್ಲ.

“ಆ ಬೇವಿನ ಮರದ ಕೆಳಗ ಹೋಗಿ ಕೂಡು. ಗಡಿಗಿಯಾಗ ನೀರೈತಿ, ಮುಖ ತೊಳಕೊ. ಸ್ವಲ್ಪ ತಂಪಾಗು,” ಎಂದ.

ಕಾಲು ಗಂಟೆಯ ಮೇಲೆ ಒದ್ದೆ ಹಣೆಗೆ ಗನ್ನು ಹಿಡಿದಾಗ ತೊಂಬತ್ತೆಂಟು ತೋರಿಸಿತು. ಯಂತ್ರವೇ ಹೇಳಿದ ಮೇಲೆ ತನ್ನದೇನಿದೆ ಎಂದುಕೊಂಡು ಕೊಟ್ರಸ್ವಾಮಿ ಪುಸ್ತಕದಲ್ಲಿ ‘೯೮’ ಎಂದು ಬರೆದ. ಬರೆಯುವಾಗ ಅವಳ ಕಣ್ಣು ನೋಡಲಿಲ್ಲ. ಅವು ಕೆಂಪಗಿದ್ದವು ಎಂಬುದು ನೋಡದೆಯೂ ಅವನಿಗೆ ಗೊತ್ತಿತ್ತು.

ಒಳಗೆ, ತಗಡಿನ ಮಾಡಿನ ಕೆಳಗೆ, ಸುಲಿದ ಕಾಳಿನ ಒಂದೇ ರಾಶಿ. ಸುತ್ತ ಹದಿನಾಲ್ಕು ಹೆಂಗಸರು. ಇಲ್ಲಿ ಕೂರುವುದಕ್ಕೂ ನೆಲದ ಮೇಲೆ ಆರಾರು ಅಡಿಗೆ ಚೌಕ ಬರೆದಾಗಿತ್ತು. ಮೊದಲ ದಿನ ಚೌಕದಲ್ಲೇ ಕೂತರು. ಆದರೆ ಆ ಕೆಲಸದ ರೀತಿಯೇ ಬೇರೆ. ಒಬ್ಬಳು ಮೊರದಲ್ಲಿ ಕಾಳು ತುಂಬಿಕೊಂಡು ಒಡಕು ಆರಿಸಿ, ಆ ಮೊರವನ್ನು ಪಕ್ಕದವಳ ತೊಡೆಗೆ ದಾಟಿಸುತ್ತಾಳೆ. ಅವಳು ಸೊರಗಿದ ಕಾಳು ತೆಗೆದು ಮುಂದಿನವಳಿಗೆ ಕೊಡುತ್ತಾಳೆ. ಆಕೆ ಕಲ್ಲು, ಮಣ್ಣಿನ ಹೆಂಟೆ ಆರಿಸುತ್ತಾಳೆ. ಮೊರ ತೊಡೆಯಿಂದ ತೊಡೆಗೆ ಹರಿಯಬೇಕೆಂದರೆ ಮೊಣಕಾಲಿಗೆ ಮೊಣಕಾಲು ತಾಗಿರಲೇಬೇಕು. ಎರಡನೆಯ ದಿನಕ್ಕೆ ಚೌಕಗಳು ಖಾಲಿ ಬಿದ್ದು, ಹೆಂಗಸರು ರಾಶಿಯ ಸುತ್ತ ಹಾರದಂತೆ ಕೂಡಿಕೊಂಡಿದ್ದರು. ಕೂಡ್ಲಿಗಿ, ಹೊಸಹಳ್ಳಿ ಕಡೆಯ ರೈತರು ಬೀಜಕ್ಕಾಗಿ ದಿನಕ್ಕೆ ಹತ್ತು ಸಲ ಫೋನು ಮಾಡುತ್ತಿದ್ದುದರಿಂದ ಯಾರೂ ಬೇಡವೆನ್ನಲಿಲ್ಲ.

ಆವತ್ತು ಗಾಳಿ ಜೋರಿತ್ತು. ಕಿಟಕಿಯಿಂದ ನುಗ್ಗಿ, ಸುಲಿಯುವ ಯಂತ್ರದ ಹತ್ತಿರದ ಹೊಟ್ಟನ್ನೂ ಕಾಳಿನ ಕೆಂಪು ಸಿಪ್ಪೆಯನ್ನೂ ಎತ್ತಿ ತಂದು ಹಸನಾದ ಕಾಳಿನ ಮೇಲೆ ಚೆಲ್ಲುತ್ತಿತ್ತು.

“ಸ್ವಾಮ್ಯಾರ, ಕಣ್ಣಾಗ ಹೊಟ್ಟು ಬೀಳ್ತೈತ್ರಿ. ಕಿಟಕಿ ಹಾಕ್ರಿ ಅತ್ಲಾಗ,” ಎಂದು ಒಬ್ಬಳು ಕೂಗಿದಳು.

ಕೊಟ್ರಸ್ವಾಮಿಗೆ ಗೇಟಿನ ಕಾಗದ ನೆನಪಾಯಿತು. ಒಂದು ಗಳಿಗೆ ನಿಂತ. ಆಮೇಲೆ ಒಂದೊಂದಾಗಿ ಆರೂ ಕಿಟಕಿ ಮುಚ್ಚಿ ಚಿಲಕ ಹಾಕಿದ. ಗಾಳಿಯ ಸದ್ದು ಹೊರಗುಳಿಯಿತು. ಮೊರದಲ್ಲಿ ಕಾಳು ಹೊರಳುವ ಸರಸರ ಮಾತ್ರ ಕೇಳತೊಡಗಿತು.

ಆ ಸರಸರದ ಮೇಲೆ ಒಂದು ದನಿ ಬೇಕು ಎಂದು ಅವನ ಕಿವಿ ಮೂರು ತಿಂಗಳಿಂದ ಕಾದಿತ್ತು.

ಕೊಟ್ರಸ್ವಾಮಿಯ ತಂದೆ ಶ್ರಾವಣದಲ್ಲಿ ಮಠದ ಕಟ್ಟೆಯ ಮೇಲೆ ಪುರಾಣ ಓದುತ್ತಿದ್ದವರು. ಅವರು ಓದಿದರೆ ಸಂತೆಗೆ ಹೊರಟವರು ಗಂಟು ಇಳಿಸಿ ನಿಲ್ಲುತ್ತಿದ್ದರಂತೆ. ಮಗನಿಗೆ ಆ ಕಂಠ ಬರಲಿಲ್ಲ, ಬಂದದ್ದು ಕಿವಿ. ಯಾರಾದರೂ ನಾಲ್ಕು ಸಾಲು ರಾಗವಾಗಿ ಹೇಳಿದರೆ ಸಾಕು, ಅವನ ಕಣ್ಣು ತುಂಬುತ್ತಿತ್ತು. ತಂದೆ ಹೋದ ಮೇಲೆ ಆ ಸುಖ ಅವನಿಗೆ ಸಿಕ್ಕದ್ದು ಎಲ್ಲಿಯೂ ಅಲ್ಲ, ಈ ತಗಡಿನ ಮಾಡಿನ ಕೆಳಗೆ, ಕಲ್ಯಾಣಮ್ಮನ ಬಾಯಲ್ಲಿ.

ಅವಳು ಕೂತಲ್ಲೇ ಪದ ಕಟ್ಟುವವಳು. ಮೊದಲೆರಡು ಸಾಲು ಅವಳು ಹೇಳಿದರೆ ಉಳಿದವರು ಎತ್ತಿಕೊಳ್ಳುತ್ತಿದ್ದರು. ಮೂರನೆಯ ಸಾಲನ್ನು ಅವಳೊಬ್ಬಳೇ ಹೇಳಬೇಕು, ಬೇರೆ ಯಾರೂ ಹೇಳುವಂತಿಲ್ಲ. ಅದು ಯಾವಾಗಿನಿಂದಲೋ ನಡೆದುಬಂದ ರೂಢಿ. ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ಅವಳಿಗೆ ಕರೆ ಹೋಗುತ್ತಿತ್ತು. ತನ್ನ ಓಣಿಯಲ್ಲಾದರೆ ಹೆಣದ ತಲೆದೆಸೆಯಲ್ಲಿ ಕೂತು, ಮೇಲಿನ ಓಣಿಗಳಲ್ಲಾದರೆ ಅಂಗಳದಲ್ಲೇ ಕೂತು, ಹೊತ್ತು ಮೂಡುವವರೆಗೂ ಪದ ಹೇಳುತ್ತಿದ್ದಳು. ಕೊಟ್ರಸ್ವಾಮಿಯ ತಂದೆ ಸತ್ತಾಗಲೂ ಅಂಗಳದಲ್ಲಿ ಕೂತವಳು ಅವಳೇ.

“ಕಲ್ಯಾಣಮ್ಮ, ಒಂದು ಪದ ಹಾಡವ್ವ. ಬಾಗಲಾ ತೆಗೆದು ಎಂಟು ದಿನ ಆತು, ಮಿಲ್ಲು ಮಿಲ್ಲಿನಂಗ ಇಲ್ಲ,” ಎಂದ.

“ಬಾಯಿಗೆ ಕುಕ್ಕಿ ಕಟ್ಟಿ ಹಾಡು ಅಂದ್ರ ಎತ್ತು ಹಾಡ್ತೈತೇನ್ರಿ?”

“ಸ್ವಲ್ಪ ಕೆಳಗ ಇಳಿಸ್ಕೊ. ಒಂದ ಪದ. ಯಾರು ನೋಡ್ತಾರ?”

ಕಲ್ಯಾಣಮ್ಮ ಮಾಸ್ಕನ್ನು ಗದ್ದಕ್ಕೆ ಇಳಿಸಿದಳು. ಅವಳನ್ನು ನೋಡಿ ಎಲ್ಲರೂ ಇಳಿಸಿದರು. ಅವಳ ಎಡಮಗ್ಗುಲಲ್ಲಿ, ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತವಳು ಅಂಜಿನಕ್ಕ.

*ಒಡೆದದ್ದು ಒಂದ್ಕಡೆಗೆ, ಇಡಿಯದ್ದು ಒಂದ್ಕಡೆಗೆ*
*ಬಡವೀಯ ಬೆರಳ ಕಣ್ಣೀಗೆ – ನನತಾಯಿ*
*ತಡವಿಲ್ಲ ಕಾಳು ತಿಳಿಯೋಕ.*

ಮೊದಲೆರಡು ಸಾಲನ್ನು ಉಳಿದ ಹದಿಮೂರು ಕಂಠಗಳು ಎತ್ತಿಕೊಂಡವು, ಮೂರನೆಯದನ್ನು ಅವಳಿಗೇ ಬಿಟ್ಟವು. ಕೊಟ್ರಸ್ವಾಮಿ ಹೊಸ್ತಿಲ ಮೇಲೆ ಕೂತು ಕಣ್ಣು ಮುಚ್ಚಿದ. ಒಂದು ಪದ ಎಂದದ್ದು ನಾಲ್ಕಾಯಿತು, ಮಧ್ಯಾಹ್ನದ ಬುತ್ತಿ ಬಿಚ್ಚುವವರೆಗೂ ನಡೆಯಿತು. ನಡುನಡುವೆ ಅಂಜಿನಕ್ಕ ಕೆಮ್ಮಿದ್ದನ್ನು ಅವನು ಕೇಳಿದ. ಹೊಟ್ಟಿಗೆ ಎಂದುಕೊಂಡ.

ಮೂರನೆಯ ದಿನಕ್ಕೆ ಅಂಜಿನಕ್ಕ ಬರಲಿಲ್ಲ. ಏಳನೆಯ ದಿನಕ್ಕೆ ರಾಶಿಯ ಸುತ್ತ ಒಂಬತ್ತೇ ಜನ ಉಳಿದಿದ್ದರು. ಆಶಾ ಕಾರ್ಯಕರ್ತೆ ರೇಖಾ ಮನೆಮನೆಗೆ ಹೋಗಿ ಪಟ್ಟಿ ಮಾಡಿದಳು. ಗಂಟಲ ದ್ರವ ತೆಗೆದುಕೊಂಡು ಹೋದರು. ಐವರಿಗೆ ಸೋಂಕು. ಮಿಲ್ಲಿಗೆ ಮತ್ತೆ ಬೀಗ ಬಿತ್ತು. ಅಂಜಿನಕ್ಕ ಹತ್ತು ದಿನ ಮಲಗಿ ಎದ್ದಳು. ಅವಳ ಮಗಳೂ ಕೂಸೂ ಹೇಗೋ ಪಾರಾದರು. ಸಕ್ಕರೆ ಕಾಯಿಲೆಯಿದ್ದ ಕಲ್ಯಾಣಮ್ಮನಿಗೆ ಮಾತ್ರ ಉಸಿರು ಕೈಕೊಟ್ಟಿತು. ಆಂಬುಲೆನ್ಸ್ ಬಂದು ಬಳ್ಳಾರಿಗೆ ಒಯ್ದಿತು. ಹತ್ತುವಾಗ ಅವಳು ಓಣಿಯ ಜನಕ್ಕೆ ಕೈ ಎತ್ತಿದ್ದಳಂತೆ. ಐದನೆಯ ದಿನ ಹೋದಳು.

ಊರಿಗೆ ತಂದು ಮಣ್ಣು ಕೊಟ್ಟದ್ದು ಹಳ್ಳದ ಆಚೆ, ಮಧ್ಯಾಹ್ನ ಹನ್ನೆರಡಕ್ಕೆ. ಜೆಸಿಬಿ ತೆಗೆದ ಗುಂಡಿ. ತಲೆಯಿಂದ ಕಾಲಿನವರೆಗೆ ಬಿಳಿ ಅಂಗಿ ತೊಟ್ಟ ನಾಲ್ವರು. ಐದನೆಯ ಬಿಳಿ ಅಂಗಿಯೊಳಗೆ ಕ್ರಾಂತಿಕುಮಾರ್ ಇದ್ದನೆಂದು ಅವನ ನಿಲುವಿನಿಂದ ತಿಳಿಯಬೇಕು. ಕೊಟ್ರಸ್ವಾಮಿ ರಸ್ತೆಯ ಮೇಲೆ, ದೂರದಲ್ಲಿ, ಸೈಕಲ್ಲು ಹಿಡಿದು ನಿಂತಿದ್ದ. ಊರಿನ ಎಷ್ಟೋ ಹೆಣಗಳಿಗೆ ರಾತ್ರಿಯಿಡೀ ಪದ ಹೇಳಿದವಳಿಗೆ ಒಂದು ಸಾಲು ಹೇಳುವವರಿರಲಿಲ್ಲ. ಜೆಸಿಬಿಯ ಗುರುಗುರು ಮಾತ್ರ ಇತ್ತು. ಅದೂ ಹತ್ತು ನಿಮಿಷಕ್ಕೆ ನಿಂತಿತು.

ಸಂಜೆ ರೇಖಾ ಕೊಟ್ರಸ್ವಾಮಿಯ ಮನೆಯ ಮುಂದೆ ಬಂದಳು. ಅವನಿಗೆ ಸೋಂಕು ತಗುಲಿರಲಿಲ್ಲ. ಹಾಜರಿ ಪುಸ್ತಕವನ್ನು ಕಟ್ಟೆಯ ಮೇಲಿಟ್ಟು ಅವನು ಹಿಂದೆ ಸರಿದ.

“ಜ್ವರ ಇದ್ದವರು ಯಾರರ ಬಂದಿದ್ರಾ ಸ್ವಾಮ್ಯಾರ? ಮೊದಲು ಯಾರಿಗೆ ಶುರುವಾತು ಅಂತ ಬರೀಬೇಕು.”

ಮಗ್ಗುಲಲ್ಲೇ ಕಾರಿನ ಬಾಗಿಲಿಗೆ ಒರಗಿ ನಿಂತಿದ್ದ ಶಿವಯೋಗಪ್ಪನವರು, “ಬುಕ್ಕಿನ್ಯಾಗ ಐತಲ್ಲಮ್ಮ. ಒಂದೂ ನೂರು ದಾಟಿಲ್ಲ. ನಮ್ಮ ಸ್ವಾಮಿ ಬರದದ್ದು ಅಂದ್ರ ಬರದದ್ದ,” ಎಂದರು.

ಕೊಟ್ರಸ್ವಾಮಿ ತನ್ನದೇ ದುಂಡನೆಯ ‘೯೮’ ನೋಡಿದ. ರೇಖಾ ಪುಸ್ತಕ ಮುಚ್ಚಿ, “ಹಂಗಾದ್ರ ಹೊರಗಿಂದ ಬಂದಿರಬೇಕು,” ಎಂದು ಹೋದಳು.

ಹೊರಗಿನದು ಯಾವುದೆಂದು ಊರು ತೀರ್ಮಾನಿಸಲು ಎರಡು ದಿನವೂ ಬೇಕಾಗಲಿಲ್ಲ. ತಾಯಿಗೆ ಮಣ್ಣು ಕೊಟ್ಟ ಮರುದಿನ ಪರೀಕ್ಷೆ ಮಾಡಿಸಿದಾಗ ಕ್ರಾಂತಿಕುಮಾರನಿಗೂ ಸೋಂಕು ಕಂಡಿತು, ಕೆಮ್ಮಿಲ್ಲ, ಜ್ವರವಿಲ್ಲ. ಬಸ್ಸಿನವನು, ದಾವಣಗೆರೆಗೆ ಹೋಗಿ ಬರುವವನು. ಅವರ ಓಣಿಗೆ ಬೊಂಬು ಕಟ್ಟಿ ಬೇಲಿ ಹಾಕಿದರು. ಬಸ್ ನಿಲ್ದಾಣದ ಮಾರೇಶನ ಚಹಾದಂಗಡಿ ಅರ್ಧ ಬಾಗಿಲು ತೆರೆದಿತ್ತು. ಕೊಟ್ರಸ್ವಾಮಿ ಅಲ್ಲಿ ಚಹಾ ಕುಡಿಯುತ್ತ ಕೇಳಿಸಿಕೊಂಡ.

“ಟಿಕೀಟು ಹರಿಯಾಕ ಹೋಗಿ ರೋಗ ತಂದು ತಾಯಿಗೆ ಕೊಟ್ಟ ಮಗ.”

“ಬಂಗಾರದಂಥಾ ಹೆಣಮಗಳು. ತಾನ ಆರಾಮ ಅದಾನ ನೋಡು.”

“ಮಿಲ್ಲಿಗೂ ಅವನ ಹಚ್ಚ್ಯಾನ. ಪಾಪ, ಸಾವ್ಕಾರ್ರು ಏನೆಲ್ಲಾ ಮಾಡಿದ್ರು! ಗನ್ನು ತಂದ್ರು, ಸುಣ್ಣ ಹೊಡಿಸಿದ್ರು. ಹೌದಲ್ರಿ ಸ್ವಾಮ್ಯಾರ?”

ಕೊಟ್ರಸ್ವಾಮಿ ಲೋಟದ ತಳ ನೋಡುತ್ತ ಕೂತ. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಎದ್ದು ಬರುವಾಗ ಆ ಸುಮ್ಮನಿರುವಿಕೆಯೇ ಹೌದು ಎಂದು ಅವರು ತಿಳಿದುಕೊಂಡದ್ದು ಅವನ ಬೆನ್ನಿಗೆ ಗೊತ್ತಾಯಿತು.

ಮನೆಯಲ್ಲಿ ಹೆಂಡತಿ ಕೊಟ್ರಬಸಮ್ಮ ರೊಟ್ಟಿಯ ತಟ್ಟೆ ಮುಂದಿಟ್ಟು, “ಹತ್ತು ಹನ್ನೆರಡು ದಿನ ಆತು, ಒಂದು ರೊಟ್ಟಿ ಮುರಿದು ಎರಡು ಕಡೆ ಸರಸ್ತೀರಿ. ಏನು ನುಂಗೀರಿ ಹೇಳ್ರಿ,” ಎಂದಳು.

ಅವನು ಹೇಳಿದ. ಗನ್ನು ಕೂಗಿದ್ದು, ಬೇವಿನ ಮರ, ಒದ್ದೆ ಹಣೆ, ಕಿಟಕಿ, ಪದ. ಕೊಟ್ರಬಸಮ್ಮ ಒಲೆಯ ಕೊಳ್ಳಿ ಹೊರಗೆಳೆದು ಆರಿಸಿದಳು.

“ನೀವು ಕರುಣಾ ಮಾಡಿದ್ರಿ, ತಪ್ಪು ಮಾಡಬೇಕಂತ ಮಾಡಲಿಲ್ಲ,” ಎಂದಳು. ಆಮೇಲೆ ದನಿ ಇಳಿಸಿ, “ರೇಖಾ ಬಂದಿದ್ಲು ಮುಂಜಾನಿ. ಆ ಹುಡುಗ ನೀರೂ ಮುಟ್ಟವಲ್ಲನಂತ. ನಾನ ಅವ್ವನ್ನ ಕೊಂದೆ ಅಂತ ಗ್ವಾಡಿಗೆ ತಲಿ ಹಚ್ಚಿ ಕೂತಾನಂತ,” ಎಂದಳು.

ಕೊಟ್ರಸ್ವಾಮಿ ತಟ್ಟೆ ಸರಿಸಿ ಎದ್ದ.

ಆ ಓಣಿಯೊಳಗೆ ಅವನು ಹಿಂದೆಂದೂ ಕಾಲಿಟ್ಟಿರಲಿಲ್ಲ. ಐವತ್ತೆಂಟು ವರ್ಷ ಅದರ ಮುಂದಿನ ರಸ್ತೆಯಲ್ಲೇ ಓಡಾಡಿದ್ದ. ಬೊಂಬಿನ ಬೇಲಿ ಬಗ್ಗಿ ದಾಟಿದಾಗ ಕಟ್ಟೆಗಳ ಮೇಲಿನ ಮಾತು ನಿಂತಿತು. ಕಲ್ಯಾಣಮ್ಮನ ಮನೆಯ ಬಾಗಿಲ ಮೇಲೆ ಬುದ್ಧನ ಪಟ, ಅದರ ಮಗ್ಗುಲಲ್ಲಿ ಮೊಳೆಗೆ ನೇತುಹಾಕಿದ ಅವಳ ಏಕತಾರಿ. ಅಂಗಳದ ಹೊರಸಿನ ಮೇಲೆ ಗಡ್ಡ ಬೆಳೆದ ಕ್ರಾಂತಿಕುಮಾರ್ ಕೂತಿದ್ದ.

ಅವನ ಹೆಂಡತಿ ಸುಮಂಗಲಾ ಒಂದು ಸ್ಟೂಲು ತಂದು ಅಂಗಳದ ಇನ್ನೊಂದು ತುದಿಯಲ್ಲಿಟ್ಟಳು. “ಅಲ್ಲೇ ದೂರ ಕೂಡ್ರಿ ಸ್ವಾಮ್ಯಾರ. ನಮಗ ಇನ್ನೂ ಎರಡು ದಿನ ಐತಿ. ನಿಮಗೂ ವಯಸ್ಸಾಗೈತಿ,” ಎಂದಳು.

ಕೊಟ್ರಸ್ವಾಮಿ ಆ ಸ್ಟೂಲನ್ನು ನೋಡಿದ. ಅವನ ಮನೆಯವರು ಕಲ್ಯಾಣಮ್ಮನನ್ನು ಅಂಗಳದಲ್ಲಿ ಕೂರಿಸಿದ ದೂರವೂ ಹೆಚ್ಚುಕಡಿಮೆ ಇಷ್ಟೇ ಇತ್ತು. ಇವಳು ಇಟ್ಟ ದೂರದಲ್ಲಿ ಅವನ ಜೀವದ ಚಿಂತೆಯಿತ್ತು. ಅವನು ಕೂರಲಿಲ್ಲ.

“ದಾವಣಗೆರಿ ಟ್ರಿಪ್ಪಿನ್ಯಾಗ ಒಬ್ಬಾಂವ ಕೆಮ್ಮಿಕೋತ ನೋಟು ಕೊಟ್ಟ ಸ್ವಾಮ್ಯಾರ,” ಎಂದು ಕ್ರಾಂತಿಕುಮಾರ್ ತಾನಾಗಿಯೇ ಶುರು ಮಾಡಿದ. ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದನೋ ಏನೋ, ದನಿ ಸವೆದಿತ್ತು. “ದಿನಾ ಮನಿಗೆ ಬಂದು ಕೈ ತೊಳೀತಿದ್ದೆ. ಆವತ್ತು ತೊಳದ್ನೋ ಇಲ್ಲೋ, ಅದ ನೆನಪಾಗವಲ್ದು. ಅವ್ವ ಬಾಗಲಾಗ ತಂಬಿಗಿ ಹಿಡಕೊಂಡು ನಿಂತಿದ್ಲು. ಇಸ್ಕೊಂಡು ಕುಡದ್ನಾ, ತೊಳದ್ನಾ? ಹಗಲೂ ರಾತ್ರಿ ಅದನ್ನ ನೆನಸ್ತೀನಿ.”

“ತಮ್ಮಾ, ನೀನು ತರಲಿಲ್ಲ.”

ಕ್ರಾಂತಿಕುಮಾರ್ ತಲೆ ಎತ್ತಿದ.

“ಮಿಲ್ಲಿಗೆ ಜ್ವರ ಬಂದಿತ್ತು, ನಿಮ್ಮವ್ವಗಿಂತ ಮೊದಲ. ಗನ್ನು ನೂರು ದಾಟಿ ಕೂಗಿತ್ತು. ನಾನ ತಣ್ಣೀರು ಹಾಕಿಸಿ ಒಳಗ ಬಿಟ್ಟೆ. ಪುಸ್ತಕದಾಗ ಸುಳ್ಳು ಬರದೆ.”

“ಗೊತ್ತಿದ್ದೂ?”

“ಗೊತ್ತಿದ್ದೂ. ಆರೂ ಕಿಟಕಿ ಹಾಕಿದಾಂವ ನಾನು. ಮಾಸ್ಕ್ ಇಳಿಸಿ ಹಾಡು ಅಂದಾಂವನೂ ನಾನು. ನಿಮ್ಮವ್ವ ಮೊದಲು ಒಲ್ಲೆ ಅಂದಿದ್ಲು.”

“ಯಾರಿಗೆ ಜ್ವರ ಇತ್ತು?”

“ಹೆಸರು ಕೇಳಬ್ಯಾಡ. ಮನ್ಯಾಗ ಬಾಣಂತಿ ಅದಾಳಂತ ಆಕಿ ಹೊಟ್ಟಿಪಾಡಿಗೆ ಬಂದಿದ್ಲು. ತಡೀಬೇಕಾದಾಂವ ನಾನಿದ್ದೆ.”

ಕ್ರಾಂತಿಕುಮಾರ್ ಎದ್ದು ನಿಂತ. ಎರಡು ಹೆಜ್ಜೆ ಮುಂದೆ ಬಂದ, ಸುಮಂಗಲಾ “ರೀ” ಎಂದಳು, ಅಲ್ಲೇ ನಿಂತ.

“ಹದಿಮೂರು ದಿನ ಆತ್ರಿ. ಹದಿಮೂರು ದಿನ ಹಾಲಿನಾಂವ ಬೇಲಿ ಆಚಿಂದ ಪಾಕೀಟು ಒಗದು ಹೋಗ್ಯಾನ, ನಾಯಿಗೆ ಒಗದಂಗ. ನನ್ನ ಮಗಳು ‘ಅಪ್ಪಾ, ನೀನು ಅಜ್ಜಿಗೆ ಏನು ಮಾಡ್ದಿ’ ಅಂತ ಕೇಳ್ಯಾಳ. ಮಾರೇಶನ ಅಂಗಡ್ಯಾಗ ನನ್ನ ಹೆಸರು ಹಿಡದು ಉಗುಳ್ಯಾರ. ನೀವು ಅಲ್ಲೇ ಕೂತು ಕೇಳ್ತಿದ್ರಂತ.”

“ಹೌದು.”

“ನಿಮಗ ಕೇಳಾಕ ಭಾಳ ಚಲೋ ಬರ್ತೈತಿ ಸ್ವಾಮ್ಯಾರ.”

ಜೀವಮಾನದಲ್ಲಿ ಕೊಟ್ರಸ್ವಾಮಿಗೆ ತನ್ನದೆಂದು ಹೇಳಿಕೊಳ್ಳಲು ಇದ್ದದ್ದು ಆ ಕಿವಿಯೊಂದೇ. ಅದೂ ಈಗ ಹೀಗೆ ಅಂಗಳದಲ್ಲಿ ಬಿದ್ದಿತ್ತು.

ಕ್ರಾಂತಿಕುಮಾರ್ ಹೊರಸಿನ ಮೇಲೆ ಕುಸಿದ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಹದಿಮೂರು ದಿನ ಬಾರದ ಅಳು ಆಗ ಬಂತು. ತಾನು ಕೊಂದೆನೆಂಬ ಭಾರದ ಕೆಳಗೆ ತಾಯಿಗಾಗಿ ಅಳುವುದಕ್ಕೂ ಅವನಿಗೆ ಜಾಗವಿರಲಿಲ್ಲ. ಕೊಟ್ರಸ್ವಾಮಿ ನಿಂತೇ ಇದ್ದ. ಹತ್ತಿರ ಹೋಗುವಂತಿರಲಿಲ್ಲ, ಬಿಟ್ಟು ಹೋಗುವಂತೆಯೂ ಇರಲಿಲ್ಲ.

“ಆವತ್ತು ಯಾವ ಪದ ಹಾಡಿದ್ಲು?” ಎಂದು ಕ್ರಾಂತಿಕುಮಾರ್ ಕೈಯೊಳಗಿಂದಲೇ ಕೇಳಿದ.

“ಒಡೆದದ್ದು ಒಂದ್ಕಡೆಗೆ...”

“ಹೂಂ. ಅದು ನನ್ನ ತೊಟ್ಟಿಲಾಗ ಹಾಕಿ ಕಾಳು ಆರಿಸುವಾಗ ಕಟ್ಟಿದ ಪದ.” ಕಣ್ಣೊರೆಸಿಕೊಂಡ. “ನನಗ ಹೇಳಿದ್ದು ಸಾಲಂಗಿಲ್ಲ. ಎಲ್ಲಿ ನನ್ನ ಹೆಸರು ಕೆಡಸ್ಯಾರೋ ಅಲ್ಲಿ ಹೇಳ್ರಿ. ಇನ್ನ ಹೋಗ್ರಿ.”

ಕೊಟ್ರಸ್ವಾಮಿ ಅಲ್ಲಿಂದ ನೆಟ್ಟಗೆ ಮಾರೇಶನ ಅಂಗಡಿಗೆ ಹೋದ. ಬೆಂಚಿನ ಮೇಲೆ ಅದೇ ಏಳೆಂಟು ಜನ. ಅವನು ಕೂರಲಿಲ್ಲ, ಚಹಾ ಕೇಳಲಿಲ್ಲ. ಹೇಳಬೇಕಾದದ್ದನ್ನು ಹಾಜರಿ ಕರೆದಂತೆ ಒಂದೊಂದಾಗಿ ಹೇಳಿದ. ಕಂಠವಿಲ್ಲದ ಅವನ ದನಿ ಎರಡು ಕಡೆ ಒಡೆಯಿತು. ಯಾರೋ “ಹೋಗ್ಲಿ ಬಿಡ್ರಿ ಸ್ವಾಮ್ಯಾರ” ಎಂದರು. ಅವನು ಬಿಡಲಿಲ್ಲ, ಪೂರ್ತಿ ಹೇಳಿದ. ಸಂಜೆ ರೇಖಾಳ ಮುಂದೆ ಪುಸ್ತಕ ತೆರೆದು, ‘೯೮’ಕ್ಕೆ ಗೆರೆ ಎಳೆದು, ಮಗ್ಗುಲಲ್ಲಿ ‘೧೦೦.೪’ ಎಂದು ಬರೆದು ತನ್ನ ಸಹಿ ಹಾಕಿದ. ಮರುದಿನ ಬೊಂಬಿನ ಬೇಲಿಯ ಹತ್ತಿರ ಯಾರೋ ಒಂದು ಗಿಂಡಿ ಹಾಲು ಇಟ್ಟು ಹೋಗಿದ್ದರಂತೆ. ಒಗೆದಿರಲಿಲ್ಲ, ಇಟ್ಟಿದ್ದರು.

ಮಿಲ್ಲು ಮತ್ತೆ ತೆರೆಯುವ ಮಾತು ಬಂದಾಗ ಶಿವಯೋಗಪ್ಪನವರು ಕೊಟ್ರಸ್ವಾಮಿಯನ್ನು ಕರೆಸಿದರು. ಅವರು ಕೆಟ್ಟವರಲ್ಲ. ಕಲ್ಯಾಣಮ್ಮನ ಮನೆಗೆ ಎರಡು ಚೀಲ ಜೋಳ ಕಳಿಸಿದ್ದರು. ಕ್ರಾಂತಿಕುಮಾರ್ ಅದನ್ನು ಅಂಜಿನಕ್ಕನ ಮನೆಗೆ ಹೊರಿಸಿದ್ದ. ಯಾರಿಗೆ ಜ್ವರವಿತ್ತೆಂದು ಅವನು ಆಮೇಲೆ ಒಮ್ಮೆಯೂ ಕೇಳಿರಲಿಲ್ಲ. ಬಾಣಂತಿಯಿರುವ ಮನೆ ಯಾವುದೆಂದು ಮಾತ್ರ ಕೇಳಿದ್ದ.

“ನೀ ಹೇಳಿದಂಗ ಕಿಟಕಿ ತೆಗದ್ರ ಕಾಳು ಮತ್ತ ಹೊಲಸಾಕ್ಕೈತಿ,” ಎಂದರು ಶಿವಯೋಗಪ್ಪನವರು. “ಒಬ್ಬೊಬ್ಬರಿಗೆ ಒಂದೊಂದು ಗುಡ್ಡಿ ಅಂದ್ರ ದಿನಕ್ಕ ಅರ್ಧ ಕೆಲಸ. ರೈತರು ಹೊಲದಾಗ ಕಾಯಾಕ್ಹತ್ಯಾರ, ಮಳಿ ನನ್ನ ಮಾತು ಕೇಳ್ತೈತಾ?”

“ಎರಡೆರಡು ಸಲ ತೂರೋಣ್ರಿ. ಅರ್ಧ ಮಂದಿ ಬೇವಿನ ಮರದ ಕೆಳಗ ಕೂಡ್ಲಿ.”

“ಅದೂ ಆತು ಅನ್ನು. ಜ್ವರ ಅಂತ ತಿರುಗಿ ಹೋದವರಿಗೂ ಹಾಜರಿ ಹಾಕಿ ಪಗಾರ ಕೊಡ್ರಿ ಅಂತಿ. ಹಂಗ ಮಾಡಿದ್ರ ಎಲ್ಲಾರಿಗೂ ದಿನಾ ಜ್ವರ ಬರ್ತಾವು ನೋಡು.”

“ಬರ್ಲಿ ಬಿಡ್ರಿ ಯಜಮಾನ್ರ. ಮನಿಯಾಗ ಬರ್ಲಿ.”

ಶಿವಯೋಗಪ್ಪನವರು ಅವನನ್ನು ದಿಟ್ಟಿಸಿದರು. ಮೂವತ್ತು ವರ್ಷದಲ್ಲಿ ಗುಮಾಸ್ತ ಎದುರಾಡಿದ್ದು ಅದೇ ಮೊದಲು.

“ಹಾಜರಿ ಇಲ್ಲ ಅಂದದ್ದಕ್ಕ ಆಕಿ ಆವತ್ತು ನನ್ನ ಪಾದಕ್ಕ ಬಗ್ಗಿದ್ಲು,” ಎಂದ ಕೊಟ್ರಸ್ವಾಮಿ. “ಇನ್ನೊಬ್ಬಾಕಿ ಬಗ್ಗಿದ್ರ ನಾನು ಮತ್ತ ಸೋಲ್ತೀನಿ. ನನ್ನ ನಂಬಬ್ಯಾಡ್ರಿ. ಬಗ್ಗೋ ಹಂಗ ಇರಬಾರದು, ಅಷ್ಟ ಮಾಡ್ರಿ.”

ಅವರು ಕನ್ನಡಕ ತೆಗೆದು ಒರೆಸಿದರು. ಮಾರನೆಯ ದಿನ ಬಡಿಗ ಬಂದು ಆರೂ ಕಿಟಕಿಗಳ ಬಾಗಿಲನ್ನು ತಿರುಗಣಿ ಸಮೇತ ಬಿಚ್ಚಿ ಗೋದಾಮಿಗೆ ಹೊತ್ತ.

ಶ್ರಾವಣದ ಮೊದಲ ಸೋಮವಾರ ಗೇಟಿನ ಮುಂದೆ ಮತ್ತೆ ಸಾಲು. ಈ ಸಲ ಸುಣ್ಣವಲ್ಲ. ನೆಲದಲ್ಲಿ ಕಲ್ಲು ಹೂತಿದ್ದರು, ಗಾಳಿಗೆ ಹಾರುವಂತಿರಲಿಲ್ಲ. ನಾಲ್ಕನೆಯ ಕಲ್ಲಿನ ಮೇಲೆ ನಿಂತವಳಿಗೆ ನೂರು ತೋರಿಸಿತು. ಕೊಟ್ರಸ್ವಾಮಿ ನೂರೆಂದೇ ಬರೆದ, ಹಾಜರಿಯನ್ನೂ ಬರೆದ. “ಮನಿಗೆ ಹೋಗಿ ಮಲಗವ್ವ. ಇಕಾ, ಹಾಜರಿ ಬಿದ್ದೈತಿ ನೋಡು,” ಎಂದು ಪುಸ್ತಕ ತಿರುಗಿಸಿ ತೋರಿಸಿದ. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೂ ನೋಡಿ, ತಲೆಯಾಡಿಸಿ ಹೋದಳು.

ಕೊನೆಗೆ ಅಂಜಿನಕ್ಕ. ಅರ್ಧ ಆಳಾಗಿದ್ದಳು. ತೊಂಬತ್ತೇಳು.

“ಇನ್ನೊಮ್ಮೆ ಹಿಡೀರಿ ಸ್ವಾಮ್ಯಾರ,” ಎಂದಳು.

ಹಿಡಿದ. ತೊಂಬತ್ತೇಳೇ.

“ಇನ್ನೊಮ್ಮೆ.”

ಮೂರನೆಯ ಸಲವೂ ಹಿಡಿದ. ಅವಳು ಒಳಗೆ ಹೋಗಿ, ಎಲ್ಲರಿಗಿಂತ ದೂರದ ಗುಡ್ಡೆಯ ಮುಂದೆ, ಗೋಡೆಯ ಕಡೆ ಮುಖ ಮಾಡಿ ಕೂತಳು.

ಮೊರಗಳು ತೊಡೆಯಿಂದ ತೊಡೆಗೆ ಹರಿಯಲಿಲ್ಲ. ಒಬ್ಬೊಬ್ಬಳೂ ತನ್ನ ಒಡಕು ತಾನೇ ಆರಿಸಿ, ತನ್ನ ಕಲ್ಲು ತಾನೇ ತೆಗೆಯುತ್ತಿದ್ದಳು. ಗಾಳಿ ಬಾಗಿಲಿಲ್ಲದ ಕಿಟಕಿಗಳಿಂದ ನುಗ್ಗಿ ಮಾಡನ್ನೆಲ್ಲ ಸುತ್ತುತ್ತಿತ್ತು. ಯಾರೂ ಹಾಡು ಎನ್ನಲಿಲ್ಲ. ಕೊಟ್ರಸ್ವಾಮಿ ಹೊಸ್ತಿಲ ಮೇಲೆ ಕೂರದೆ 'ಗೇಟಿನ ಹತ್ತಿರವೇ ಕೆಲಸವಿದೆ' ಎಂದುಕೊಂಡು ಅಲ್ಲೇ ನಿಂತ.

ಹನ್ನೊಂದರ ಹೊತ್ತಿಗೆ ಗೋಡೆಯ ಕಡೆಯಿಂದ, ಮಾಸ್ಕಿನೊಳಗಿಂದ, ಸಣ್ಣಗೆ ಒಂದು ಗುನುಗು ಎದ್ದಿತು. ಅಂಜಿನಕ್ಕ. ಒಡೆದದ್ದು ಒಂದ್ಕಡೆಗೆ. ಬೇವಿನ ಮರದ ಕೆಳಗಿನವರು ತಲೆ ಎತ್ತಿದರು. ಒಬ್ಬೊಬ್ಬರಾಗಿ, ಕೂತಕೂತಲ್ಲೇ, ಬಾಯಿ ಮುಚ್ಚಿಕೊಂಡೇ ಎತ್ತಿಕೊಂಡರು. ಗೇಟಿನವರೆಗೆ ಮಾತುಗಳು ಬರಲಿಲ್ಲ, ರಾಗದ ಒಂದು ಎಳೆ ಮಾತ್ರ ಬಂತು. ಕೊಟ್ರಸ್ವಾಮಿಯ ಕಾಲು ತಾನಾಗಿ ಒಂದು ಹೆಜ್ಜೆ ಆ ಕಡೆ ಇಟ್ಟಿತು. ಅವನು ಅದನ್ನು ಹಿಂದಕ್ಕೆಳೆದುಕೊಂಡ. ಕೇಳಿಸಿದಷ್ಟು ಕೇಳಿದ.

ಎರಡು ಸಾಲು ಮುಗಿಯಿತು. ಎಲ್ಲ ಮೊರಗಳೂ ಒಟ್ಟಿಗೆ ನಿಂತವು. ಮೂರನೆಯ ಸಾಲಿನ ಹೊತ್ತು.

ಯಾರೂ ಹೇಳಲಿಲ್ಲ. ಅದು ಎಷ್ಟು ಉದ್ದವಿತ್ತೋ ಅಷ್ಟು ಹೊತ್ತು ಹಾಗೆಯೇ ಬಿಟ್ಟರು. ಕಿಟಕಿಯಿಂದ ಗಾಳಿ ಬಂತು. ಕೆಂಪು ಸಿಪ್ಪೆಗಳು ಎದ್ದು, ಸುತ್ತಿ, ಹಸನಾದ ಕಾಳಿನ ಮೇಲೆ ಮೆಲ್ಲಗೆ ಇಳಿದವು. ಹೆಂಗಸರು ಬಗ್ಗಿ ಅವನ್ನು ಮತ್ತೆ ಆರಿಸತೊಡಗಿದರು.